ಬೆಸುಗೆಯ ಹೊಗೆ ಮನೆಯೊಳಗೆ ಉಳಿಯದಿರಲಿ

ಆ ದಂಪತಿ ಮೂರನೆಯ ಬಾರಿ ನನ್ನ ದವಾಖಾನೆಗೆ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಗಂಡನಿಗೆ ಸುಮಾರು ಮೂವತ್ತೈದರ ಪ್ರಾಯ. ಹಿಂದಿನ ರಾತ್ರಿ ಚಳಿ ಹಿಡಿದು ಜ್ವರ ಬಂದಿತ್ತು. ಮೈಕೈ ನೋವು, ಒಣ ಕೆಮ್ಮು, ವಿಪರೀತ ಬಾಯಾರಿಕೆ, ನಾಲಿಗೆಯ ಮೇಲೆ ಸಿಹಿ ಬೆರೆತ ಲೋಹದ ರುಚಿ. ಇದೇ ತೊಂದರೆಗೆ ಹಿಂದೆ ಎರಡು ಸಲ ನಾನು ಜೋಶಾಂದ ಕೊಟ್ಟು ಕಳಿಸಿದ್ದೆ. ಎರಡು ಸಲವೂ ಒಂದೇ ದಿನದಲ್ಲಿ ಗುಣವಾಗಿತ್ತು. ಔಷಧಿ ಕೆಲಸ ಮಾಡಿತೆಂದು ಅವರೂ ನಂಬಿದ್ದರು, ನಾನೂ ನಂಬಿದ್ದೆ.

ಈ ಸಲ ಹೆಂಡತಿ ಒಂದು ಮಾತು ಹೇಳಿದರು. "ಡಾಕ್ಟ್ರೇ, ಇವರಿಗೆ ಜ್ವರ ಬರುವುದು ಶನಿವಾರ ರಾತ್ರಿ ಮಾತ್ರ. ಬೇರೆ ದಿನ ಇಲ್ಲ. ಯಾರದೋ ಕಣ್ಣು ತಾಗಿದೆ ಎನ್ನುತ್ತಾರೆ ನಮ್ಮ ಅತ್ತೆ."

ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ನಾನು ಆಗ ಕೇಳಿದೆ: "ನೀವು ಏನು ಕೆಲಸ ಮಾಡುತ್ತೀರಿ? ಎಲ್ಲಿ ಕುಳಿತು ಮಾಡುತ್ತೀರಿ?"

ಬೆಳ್ಳಿ ಕಾಲ್ಗೆಜ್ಜೆಯ ಕೆಲಸ. ಕೊಂಡಿಗಳಿಗೆ ಬೆಸುಗೆ ಹಾಕುವುದು. ಮನೆಯ ಮುಂದಿನ ಕೋಣೆಯಲ್ಲೇ. ಶುಕ್ರವಾರ ರಜೆ, ಶನಿವಾರ ಬೆಳಿಗ್ಗೆ ಮತ್ತೆ ಟಾರ್ಚ್ ಹಚ್ಚುವುದು. ಶಾಬಾನ್ ತಿಂಗಳ ಮದುವೆಗಳು ಮತ್ತು ಈದ್‌ನ ಆರ್ಡರ್‌ಗಳಿಂದಾಗಿ ಎರಡು ತಿಂಗಳಿಂದ ಕೆಲಸ ಇಮ್ಮಡಿಯಾಗಿತ್ತು.

ಕಣ್ಣು ತಾಗಿರಲಿಲ್ಲ. ತಾಗಿದ್ದು ಹೊಗೆ.

ಶನಿವಾರದ ಜ್ವರ

ಬೆಳ್ಳಿಯ ಬೆಸುಗೆಗೆ ನಮ್ಮ ಕುಶಲಕರ್ಮಿಗಳು ಸಾಮಾನ್ಯವಾಗಿ ಬೆಳ್ಳಿಯ ಜೊತೆ ಹಿತ್ತಾಳೆ ಬೆರೆಸಿ ಕರಗಿಸಿದ ಟಾಕವನ್ನು ಬಳಸುತ್ತಾರೆ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಈ ಸತು 907 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಗ್ಯಾಸ್ ಟಾರ್ಚ್‌ನ ಜ್ವಾಲೆ ಅದಕ್ಕಿಂತ ಬಹಳ ಬಿಸಿ. ಹಾಗಾಗಿ ಜ್ವಾಲೆ ಸ್ವಲ್ಪ ಹೆಚ್ಚು ಹೊತ್ತು ನಿಂತರೆ ಸಾಕು, ಸತು ಆವಿಯಾಗಿ ಮೇಲೇಳುತ್ತದೆ, ಗಾಳಿಯ ಆಮ್ಲಜನಕದೊಡನೆ ಸೇರಿ ಬಿಳಿ ಪುಡಿಯಾಗುತ್ತದೆ. ಆ ಪುಡಿಯ ಕಣಗಳು ಎಷ್ಟು ಸಣ್ಣವೆಂದರೆ ಮೂಗು, ಗಂಟಲು ಯಾವುದೂ ಅವನ್ನು ತಡೆಯಲಾರದು. ಅವು ನೇರವಾಗಿ ಶ್ವಾಸಕೋಶದ ತಳಕ್ಕೆ ಇಳಿಯುತ್ತವೆ. ನೆಲಕ್ಕೂ ಬೇಗ ಕೂರುವುದಿಲ್ಲ, ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತವೆ.

ಈ ಹೊಗೆ ಕುಡಿದ ನಾಲ್ಕರಿಂದ ಹತ್ತು ಗಂಟೆಗಳೊಳಗೆ ಚಳಿ ಜ್ವರ ಬರುತ್ತದೆ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಲೋಹದ ಹೊಗೆಯ ಜ್ವರ ಎಂದೇ ಹೆಸರು. ಒಂದೆರಡು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ವಿಚಿತ್ರವೆಂದರೆ ದಿನವೂ ಹೊಗೆ ಕುಡಿಯುವವನಿಗೆ ಮೈ ಒಗ್ಗಿಹೋಗಿ ಜ್ವರ ಬರುವುದಿಲ್ಲ. ಒಂದೆರಡು ದಿನ ರಜೆ ಮಾಡಿದರೆ ಆ ಒಗ್ಗಿಕೆ ಕಳೆದುಹೋಗುತ್ತದೆ. ಮತ್ತೆ ಕೆಲಸಕ್ಕೆ ಕುಳಿತ ಮೊದಲ ದಿನ ಜ್ವರ ಮರಳುತ್ತದೆ. ಪಶ್ಚಿಮದ ಕಾರ್ಖಾನೆಗಳಲ್ಲಿ ಭಾನುವಾರ ರಜೆಯಿರುವುದರಿಂದ ಅಲ್ಲಿ ಇದನ್ನು ಸೋಮವಾರದ ಜ್ವರ ಎಂದರು. ಶುಕ್ರವಾರ ರಜೆ ಮಾಡುವ ನಮ್ಮ ಮನೆಗಳಲ್ಲಿ ಅದು ಶನಿವಾರದ ಜ್ವರ.

ಜ್ವರ ಇಳಿಯಿತೆಂದರೆ ಅಪಾಯ ಕಳೆಯಿತೆಂದಲ್ಲ. ಕೋಣೆಯ ಗಾಳಿ ಕೆಟ್ಟಿದೆ ಎಂದು ಶರೀರ ಹೇಳಿದ ಮಾತು ಅದು. ಆ ಮಾತನ್ನು ಎರಡು ಸಲ ನಾನು ಕೇಳಿಸಿಕೊಳ್ಳಲಿಲ್ಲ.

ಹಳೆಯ ಎಚ್ಚರಿಕೆ

ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಆರು ಅನಿವಾರ್ಯ ಕಾರಣಗಳನ್ನು ಹೇಳುತ್ತಾರೆ. ಅಸ್ಬಾಬೆ ಸಿತ್ತ ಝರೂರಿಯ್ಯ ಎಂದು ಅದರ ಹೆಸರು. ಅನ್ನಪಾನ, ನಿದ್ದೆ, ದುಡಿಮೆ, ಮನಸ್ಸು ಎಲ್ಲವೂ ಆ ಪಟ್ಟಿಯಲ್ಲಿವೆ. ಆದರೆ ಮೊದಲನೆಯದು ಹವಾಯೆ ಮುಹೀತ್, ಅಂದರೆ ನಮ್ಮನ್ನು ಸುತ್ತುವರಿದ ಗಾಳಿ. ಇಬ್ನ್ ಸೀನಾ ತಮ್ಮ ಅಲ್ ಕಾನೂನ್ ಗ್ರಂಥದಲ್ಲಿ ಗಾಳಿ ಕೆಡುವ ಬಗೆಯನ್ನು ವಿಸ್ತಾರವಾಗಿ ಬರೆದದ್ದು ಸಾವಿರ ವರ್ಷಗಳ ಹಿಂದೆ. ಅಕ್ಕಸಾಲಿಗರನ್ನೇ ಉದ್ದೇಶಿಸಿ ಲೋಹದ ಹೊಗೆಯ ವಿಷದ ಬಗ್ಗೆ ಜರ್ಮನಿಯ ಆಗ್ಸ್‌ಬರ್ಗ್ ನಗರದ ವೈದ್ಯ ಉಲ್ರಿಚ್ ಎಲೆನ್‌ಬೋಗ್ 1473ರಲ್ಲಿ ಒಂದು ಕಿರುಹೊತ್ತಗೆ ಬರೆದರು. 1700ರಲ್ಲಿ ಇಟಲಿಯ ರಮಝಿನಿ ಎಂಬ ವೈದ್ಯರು, ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆ ಅವನ ಕಸುಬು ಯಾವುದೆಂಬ ಪ್ರಶ್ನೆಯೂ ಸೇರಬೇಕೆಂದು ವೈದ್ಯರಿಗೆ ಕಲಿಸಿದರು. ಇಷ್ಟೆಲ್ಲ ಓದಿಯೂ ನಾನು ನಾಡಿ ಹಿಡಿದೆ, ಕಸುಬು ಕೇಳಲಿಲ್ಲ.

ಆ ಕೋಣೆಯಲ್ಲಿ ಕಂಡದ್ದು

ಅಂದು ಸಂಜೆ ಅವರ ಮನೆಗೆ ಹೋದೆ. ಗಲ್ಲಿಯೊಳಗಿನ ಬಾಡಿಗೆ ಮನೆ. ಹತ್ತಡಿ ಉದ್ದ, ಒಂಬತ್ತಡಿ ಅಗಲದ ಕೋಣೆ. ಒಂದೇ ಕಿಟಕಿ, ಅದೂ ಮುಚ್ಚಿತ್ತು. ಸೀಲಿಂಗ್ ಫ್ಯಾನ್ ಆರಿಸಿತ್ತು. ಬಾಗಿಲಿಗೆ ದಪ್ಪ ಪರದೆ. ಬೆಂಚಿನ ಮೇಲಿನ ಗೋಡೆ ಮತ್ತು ಕಿಟಕಿಯ ಸರಳುಗಳ ಮೇಲೆ ಅಕ್ಕಿಹಿಟ್ಟು ಸಿಡಿದಂತೆ ತೆಳ್ಳನೆಯ ಬಿಳಿ ಪುಡಿ. ಬೆರಳಿನಲ್ಲಿ ಒರೆಸಿದರೆ ಅಂಟಿಕೊಳ್ಳುತ್ತಿತ್ತು. ಬೆಂಚಿನಿಂದ ಆರಡಿ ದೂರದಲ್ಲಿ, ಪರದೆಯ ಆಚೆ, ಏಳು ತಿಂಗಳ ಮಗುವಿನ ತೊಟ್ಟಿಲು.

ಕಿಟಕಿ ಏಕೆ ಮುಚ್ಚಿದ್ದೀರಿ ಎಂದು ಕೇಳಿದೆ. ಅವರು ಕೊಟ್ಟ ಎರಡೂ ಕಾರಣ ನ್ಯಾಯವಾದವೇ. ಗಾಳಿ ಬಂದರೆ ಜ್ವಾಲೆ ಅಲುಗುತ್ತದೆ, ಬೆಸುಗೆ ಕೆಡುತ್ತದೆ. ಕಿಟಕಿ ತೆರೆದರೆ ಗಲ್ಲಿಯಲ್ಲಿ ಹೋಗುವವರಿಗೆ ಮನೆಯೊಳಗಿನ ಹೆಂಗಸರು ಕಾಣುತ್ತಾರೆ. ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಾದರೆ ಮೂರನೆಯ ಕಾರಣವೂ ಇರುತ್ತದೆ. ಮಳೆಗಾಲದ ನಾಲ್ಕು ತಿಂಗಳು ಕಿಟಕಿ ತೆರೆಯುವಂತಿಲ್ಲ.

ಆದ್ದರಿಂದ ಕಿಟಕಿ ತೆರೆಯಿರಿ ಎಂಬ ಬರಿಯ ಉಪದೇಶದಿಂದ ಪ್ರಯೋಜನವಿಲ್ಲ. ಜ್ವಾಲೆಯೂ ಅಲುಗಬಾರದು, ಮನೆಯ ಮರೆಯೂ ಉಳಿಯಬೇಕು, ಹೊಗೆಯೂ ಹೊರಗೆ ಹೋಗಬೇಕು. ಇದಕ್ಕೆ ದಾರಿಯಿದೆ. ಹೊಗೆ ಹುಟ್ಟಿದ ಜಾಗದಲ್ಲೇ ಅದನ್ನು ಹಿಡಿದು, ಅದು ನಿಮ್ಮ ಮೂಗಿನ ಮುಂದೆ ಹಾದುಹೋಗುವ ಮೊದಲೇ ಹೊರಗೆ ಎಳೆದೊಯ್ಯುವುದು. ಈ ಲೇಖನದ ಉಳಿದ ಮಾತೆಲ್ಲ ಈ ಒಂದು ವಾಕ್ಯದ ವಿವರಣೆ.

ಊದುವುದಕ್ಕೂ ಎಳೆಯುವುದಕ್ಕೂ ವ್ಯತ್ಯಾಸ

ಮೊದಲು ಒಂದು ಸಣ್ಣ ಪರೀಕ್ಷೆ. ಉರಿಯುವ ಮೇಣದ ಬತ್ತಿಯನ್ನು ಒಂದು ಮೊಳ ದೂರದಲ್ಲಿಟ್ಟು ಊದಿ. ಆರಿಹೋಗುತ್ತದೆ. ಈಗ ಅಷ್ಟೇ ದೂರದಿಂದ ಉಸಿರನ್ನು ಒಳಗೆ ಎಳೆದು ಅದನ್ನು ಆರಿಸಲು ನೋಡಿ. ಜ್ವಾಲೆ ಅಲುಗುವುದೂ ಇಲ್ಲ.

ಎಕ್ಸಾಸ್ಟ್ ಫ್ಯಾನ್ ಮಾಡುವುದು ಎಳೆಯುವ ಕೆಲಸ. ಕೊಳವೆಯ ಬಾಯಿಯಿಂದ ಅದರ ವ್ಯಾಸದಷ್ಟೇ ದೂರ ಹೋಗುವಷ್ಟರಲ್ಲಿ ಎಳೆತದ ವೇಗ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲಿಗೆ ಇಳಿದಿರುತ್ತದೆ. ಅಂದರೆ ಆರು ಇಂಚಿನ ಕೊಳವೆಯಾದರೆ ಆರು ಇಂಚು ದೂರದಲ್ಲೇ ಬಲವೆಲ್ಲ ಮುಗಿಯಿತು. ಗೋಡೆಯ ಮೇಲೆ ಎಂಟಡಿ ಎತ್ತರದಲ್ಲಿ ಕೂರಿಸಿದ ಫ್ಯಾನ್ ನಿಮ್ಮ ಬೆಂಚಿನ ಹೊಗೆಯನ್ನು ಹಿಡಿಯಲಾರದು. ಕೋಣೆಯೆಲ್ಲ ಹರಡಿದ ಮೇಲೆ, ನೀವು ಉಸಿರಾಡಿ ಬಿಟ್ಟ ಮೇಲೆ, ಉಳಿದದ್ದನ್ನು ಅದು ನಿಧಾನವಾಗಿ ಹೊರಹಾಕುತ್ತದೆ ಅಷ್ಟೆ.

ಸೀಲಿಂಗ್ ಫ್ಯಾನ್ ಇನ್ನೂ ಕೆಟ್ಟದ್ದು. ಅದು ಹೊಗೆಯನ್ನು ಹೊರಗೆ ಕಳಿಸುವುದಿಲ್ಲ, ತೊಟ್ಟಿಲಿನವರೆಗೆ ಹಂಚುತ್ತದೆ.

ಅಡುಗೆಮನೆಯ ಚಿಮಣಿಯನ್ನು ಬೆಂಚಿನ ಮೇಲೆ ತೂಗುಹಾಕಿದರೆ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಬೆಸುಗೆ ಹಾಕುವವನು ಜ್ವಾಲೆಯ ಮೇಲೆ ಬಾಗಿ ಕೂರುತ್ತಾನೆ. ಹೊಗೆ ಮೇಲಕ್ಕೆ ಏರುವಾಗ ದಾರಿಯಲ್ಲಿ ಸಿಗುವುದು ಅವನ ಮುಖ. ಚಿಮಣಿಗೆ ತಲುಪುವ ಹೊಗೆ ಮೊದಲು ಮೂಗಿಗೆ ಸಲಾಂ ಹೇಳಿಯೇ ಹೋಗುತ್ತದೆ. ಕೊಳವೆಯಿಲ್ಲದೆ ಬರೀ ಫಿಲ್ಟರ್ ಇರುವ ಚಿಮಣಿಯಂತೂ ಗಾಳಿಯನ್ನು ಅದೇ ಕೋಣೆಗೆ ಮರಳಿ ಬಿಡುತ್ತದೆ. ಅದು ಈ ಕೆಲಸಕ್ಕೆ ಆಗದು.

ತಗಡಿನ ಪೆಟ್ಟಿಗೆ

ಸರಿಯಾದ ಉಪಾಯ ಸರಳ. ಬೆಸುಗೆಯ ಇಟ್ಟಿಗೆಯನ್ನು ಒಂದು ತಗಡಿನ ಪೆಟ್ಟಿಗೆಯೊಳಗೆ ಇಡಿ. ಎಡ, ಬಲ, ಹಿಂಭಾಗ, ಮೇಲ್ಭಾಗ ಮುಚ್ಚಿರಲಿ. ನಿಮ್ಮ ಕಡೆ ಮಾತ್ರ ತೆರೆದಿರಲಿ. ಆ ಬಾಯಿ ಎರಡು ಕೈ ಆಡುವಷ್ಟಿದ್ದರೆ ಸಾಕು. ಹದಿನೆಂಟು ಇಂಚು ಅಗಲ, ಹನ್ನೆರಡು ಇಂಚು ಎತ್ತರ, ಹದಿನೈದರಿಂದ ಹದಿನೆಂಟು ಇಂಚು ಆಳ ಇರಬಹುದು. ಇಟ್ಟಿಗೆ ಬಾಯಿಯ ಅಂಚಿನಿಂದ ಐದಾರು ಇಂಚು ಒಳಗಿರಲಿ. ಪೆಟ್ಟಿಗೆಯ ಹಿಂಭಾಗದಲ್ಲಿ ಆರು ಇಂಚಿನ ರಂಧ್ರ ಕೊರೆದು ಕೊಳವೆ ಜೋಡಿಸಿ, ಆ ಕೊಳವೆಯನ್ನು ಹೊರಗೋಡೆಗೆ ಒಯ್ಯಿರಿ. ಗಾಳಿ ನಿಮ್ಮ ಕಡೆಯಿಂದ ಪೆಟ್ಟಿಗೆಯೊಳಗೆ ನುಗ್ಗಿ, ಜ್ವಾಲೆಯನ್ನು ದಾಟಿ, ಹಿಂದಿನ ಕೊಳವೆಯಲ್ಲಿ ಹೊರಟುಹೋಗುತ್ತದೆ.

ಫ್ಯಾನ್ ಎಷ್ಟು ಬಲದ್ದಿರಬೇಕು? ಪೆಟ್ಟಿಗೆಯ ಬಾಯಿಯಲ್ಲಿ ಗಾಳಿ ನಿಮಿಷಕ್ಕೆ ನೂರು ಅಡಿ, ಅಂದರೆ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಒಳಗೆ ಹೋಗಬೇಕು. ಇದು ಮೆಲ್ಲನೆಯ ಗಾಳಿ, ಟಾರ್ಚ್‌ನ ಜ್ವಾಲೆಯನ್ನು ಕೆಡಿಸುವುದಿಲ್ಲ. ಲೆಕ್ಕ ಹೀಗೆ: ಬಾಯಿಯ ಅಗಲ ಒಂದೂವರೆ ಅಡಿ, ಎತ್ತರ ಒಂದು ಅಡಿ. ಗುಣಿಸಿದರೆ ಒಂದೂವರೆ ಚದರಡಿ. ಅದನ್ನು 100ರಿಂದ ಗುಣಿಸಿದರೆ ನಿಮಿಷಕ್ಕೆ 150 ಘನ ಅಡಿ ಗಾಳಿ. ಫ್ಯಾನಿನ ಡಬ್ಬದ ಮೇಲೆ ಗಂಟೆಗೆ ಇಷ್ಟು ಘನ ಮೀಟರ್ ಎಂದು ಬರೆದಿರುತ್ತದೆ. 150ನ್ನು 1.7ರಿಂದ ಗುಣಿಸಿದರೆ ಗಂಟೆಗೆ 255 ಘನ ಮೀಟರ್. ಕೊಳವೆ, ಬಾಗು, ಜಾಲರಿಗಳಲ್ಲಿ ಬಲ ನಷ್ಟವಾಗುವುದರಿಂದ 400ರಿಂದ 500 ಎಂದು ಬರೆದಿರುವುದನ್ನೇ ಕೊಳ್ಳಿ. ಪೆಟ್ಟಿಗೆಯ ಬಾಯಿ ದೊಡ್ಡದಾದಷ್ಟೂ ಫ್ಯಾನ್ ದೊಡ್ಡದಾಗಬೇಕು. ಬಾಯಿ ಕಿರಿದಾಗಿಸಿದರೆ ಹಣ ಉಳಿಯುತ್ತದೆ.

ಪೆಟ್ಟಿಗೆ ಹೊರಗೋಡೆಗೆ ತಾಗಿಕೊಂಡೇ ಇದ್ದರೆ ಸಾಮಾನ್ಯ ಎಕ್ಸಾಸ್ಟ್ ಫ್ಯಾನ್ ಸಾಕು. ಕೊಳವೆ ನಾಲ್ಕಾರು ಅಡಿ ಹೋಗಬೇಕಾದರೆ ರೆಕ್ಕೆಯ ಫ್ಯಾನ್ ಸೋಲುತ್ತದೆ, ಬಸವನಹುಳುವಿನ ಆಕಾರದ ಬ್ಲೋವರ್ ಬೇಕು. ಫ್ಯಾನನ್ನು ಆದಷ್ಟು ಹೊರತುದಿಯಲ್ಲೇ ಕೂರಿಸಿ. ಆಗ ಕೊಳವೆಯಲ್ಲಿ ಎಲ್ಲಾದರೂ ಸಂದಿಯಿದ್ದರೂ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಹೊಗೆ ಮನೆಗೆ ಸೋರುವುದಿಲ್ಲ. ಕೊಳವೆ ಲೋಹದ್ದಿರಲಿ, ಪ್ಲಾಸ್ಟಿಕ್ ಬೇಡ. ಬಾಗುಗಳು ಒಂದೆರಡಕ್ಕಿಂತ ಹೆಚ್ಚಿರದಿರಲಿ.

ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯುವಂತಿಲ್ಲವೇ? ಕಿಟಕಿಯ ಒಂದು ಗಾಜು ಬಿಚ್ಚಿ ಅಲ್ಲಿ ತಗಡು ಕೂರಿಸಿ, ಅದರಲ್ಲಿ ಫ್ಯಾನ್ ಜೋಡಿಸಿ. ಮನೆ ಬಿಡುವಾಗ ಗಾಜು ಮರಳಿ ಹಾಕಬಹುದು.

ಹೋಗುವ ಗಾಳಿಗೆ ಬರುವ ದಾರಿ

ತುಂಬಾ ಮಂದಿ ಮರೆಯುವ ವಿಷಯವಿದು. ಕೋಣೆಯಿಂದ ಗಾಳಿ ಹೊರಗೆ ಹೋಗಬೇಕಾದರೆ ಅಷ್ಟೇ ಗಾಳಿ ಎಲ್ಲಿಂದಲೋ ಒಳಗೆ ಬರಬೇಕು. ಎಲ್ಲವನ್ನೂ ಮುಚ್ಚಿ ಫ್ಯಾನ್ ಹಾಕಿದರೆ ಅದು ಸದ್ದು ಮಾಡುತ್ತದೆ, ಕೆಲಸ ಮಾಡುವುದಿಲ್ಲ. ಬೆಂಚಿನ ಎದುರು ಬದಿಯ ಗೋಡೆಯಲ್ಲಿ, ನಿಮ್ಮ ಬೆನ್ನಿನ ಕಡೆ ಅಥವಾ ಪಕ್ಕದಲ್ಲಿ, ಒಂದು ಚದರಡಿಗೆ ಕಡಿಮೆಯಿಲ್ಲದ ತೆರಪು ಇರಲಿ. ಓರೆಯಾದ ಪಟ್ಟಿಗಳ ಜಾಲಿ ಹಾಕಿದರೆ ಗಾಳಿ ಬರುತ್ತದೆ, ಹೊರಗಿನವರ ದೃಷ್ಟಿ ಬರುವುದಿಲ್ಲ, ಮಳೆ ಇರಚಲೂ ತಡೆಯುತ್ತದೆ. ಮನೆಯ ಮರೆ ಮತ್ತು ಮನೆಯ ಗಾಳಿ ಒಂದಕ್ಕೊಂದು ಶತ್ರುವಲ್ಲ.

ಇನ್ನೊಂದು ಎಚ್ಚರಿಕೆ. ಮನೆಯ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದು, ಕೋಣೆಗೆ ಬೇರೆ ಗಾಳಿಯ ದಾರಿ ಇಲ್ಲದಿದ್ದರೆ, ಈ ಫ್ಯಾನ್ ಗೀಸರ್‌ನ ಕೆಟ್ಟ ಅನಿಲವನ್ನು ಮನೆಯೊಳಗೆ ಎಳೆಯಬಹುದು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಎಚ್ಚರ ತಪ್ಪಿಸಿ ಕೊಲ್ಲುತ್ತದೆ. ಹೊಸ ಗಾಳಿಯ ತೆರಪು ಇಲ್ಲದೆ ಎಕ್ಸಾಸ್ಟ್ ಹಾಕಬೇಡಿ.

ಕೊಳವೆಯ ಹೊರಬಾಯಿ ಎಲ್ಲಿ ತೆರೆಯುತ್ತದೆ ಎಂಬುದನ್ನೂ ನೋಡಿ. ಪಕ್ಕದ ಮನೆಯ ಕಿಟಕಿಯ ಎದುರಿಗೋ, ನಾಲ್ಕು ಮನೆಗಳ ನಡುವಿನ ಬೆಳಕಿನ ಬಾವಿಗೋ ಬಿಟ್ಟರೆ ನಮ್ಮ ಮಗುವನ್ನು ಉಳಿಸಿ ನೆರೆಯವರ ಮಗುವಿಗೆ ಹೊಗೆ ಕೊಟ್ಟಂತೆ. ನೆರೆಯವರ ಹಕ್ಕಿನ ಬಗ್ಗೆ ನಮಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಕೊಳವೆಯನ್ನು ಸೂರಿನಿಂದ ಮೇಲಕ್ಕೆ ಏರಿಸಿ ಬಿಡಿ.

ಮಾಳಿಗೆಯ ಮೇಲೆ ತೆರೆದ ಜಾಗವಿದ್ದವರು ಅಲ್ಲಿಯೇ ಕೆಲಸ ಮಾಡಬಹುದು. ಆದರೆ ಗಾಳಿ ಬೆನ್ನಿನ ಕಡೆಯಿಂದ ಬೀಸುವಂತೆ ಕೂರಬೇಡಿ. ಶರೀರಕ್ಕೆ ಬಡಿದ ಗಾಳಿ ಎದುರಿಗೆ ಸುಳಿಯಾಗಿ ಸುತ್ತಿ ಹೊಗೆಯನ್ನು ಮುಖಕ್ಕೇ ತರುತ್ತದೆ. ಪಕ್ಕದಿಂದ ಬೀಸುವ ಗಾಳಿಗೆ ಕುಳಿತರೆ ಹೊಗೆ ಬದಿಗೆ ಸರಿದುಹೋಗುತ್ತದೆ.

ಸಿಲಿಂಡರ್‌ನ ಮಾತು

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಬೆಂಚಿನೆತ್ತರದ ಪೆಟ್ಟಿಗೆ ಅದನ್ನು ಎಳೆಯಲಾರದು. ಆದ್ದರಿಂದ ಬಾಗಿಲಿನ ಕೆಳಗೆ ಅಥವಾ ಗೋಡೆಯ ಬುಡದಲ್ಲಿ ಒಂದು ತೆರಪು ಬೇಕು. ಸಿಲಿಂಡರ್ ನೆಟ್ಟಗೆ, ಜ್ವಾಲೆಯಿಂದ ದೂರ ಇರಲಿ. ನೆಲಮಾಳಿಗೆಯಲ್ಲಿ ಬೇಡವೇ ಬೇಡ. ಗ್ಯಾಸ್ ವಾಸನೆ ಬಂದರೆ ಎಕ್ಸಾಸ್ಟ್ ಫ್ಯಾನಿನ ಸ್ವಿಚ್ ಮುಟ್ಟಬೇಡಿ. ಸ್ವಿಚ್ಚಿನ ಕಿಡಿಯೇ ಸಾಕು. ಆಫ್ ಮಾಡುವುದೂ ಬೇಡ, ಆನ್ ಮಾಡುವುದೂ ಬೇಡ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು, ಎಲ್ಲರೂ ಹೊರಗೆ ಬನ್ನಿ.

ಊದುಬತ್ತಿಯ ಪರೀಕ್ಷೆ

ಎಲ್ಲ ಜೋಡಿಸಿದ ಮೇಲೆ ಟಾರ್ಚ್ ಹಚ್ಚುವ ಮೊದಲು ಒಂದು ಊದುಬತ್ತಿ ಹಚ್ಚಿ. ಅದನ್ನು ಬೆಸುಗೆಯ ಜಾಗದಲ್ಲಿ ಹಿಡಿಯಿರಿ. ಹೊಗೆ ತಡವರಿಸದೆ ಹಿಂದಿನ ಕೊಳವೆಗೆ ಓಡಬೇಕು. ನಂತರ ಪೆಟ್ಟಿಗೆಯ ಬಾಯಿಯ ನಾಲ್ಕೂ ಮೂಲೆಗಳಲ್ಲಿ ಹಿಡಿಯಿರಿ. ಎಲ್ಲಿಯೂ ನಿಮ್ಮ ಕಡೆಗೆ ಮರಳಿ ಬರಬಾರದು. ಸೀಲಿಂಗ್ ಫ್ಯಾನ್ ಹಾಕಿ ಮತ್ತೆ ನೋಡಿ, ಬಾಗಿಲು ಮುಚ್ಚಿ ಮತ್ತೆ ನೋಡಿ. ಯಾವ ಸ್ಥಿತಿಯಲ್ಲಿ ಹೊಗೆ ತಪ್ಪಿಸಿಕೊಳ್ಳುತ್ತದೋ ಆ ಸ್ಥಿತಿಯಲ್ಲಿ ಕೆಲಸ ಮಾಡಬೇಡಿ. ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡಿ. ಫ್ಯಾನಿನ ರೆಕ್ಕೆಗೆ ಧೂಳು ಹಿಡಿದರೆ ಎಳೆತ ಕಡಿಮೆಯಾಗುತ್ತದೆ. ಕೆಲಸ ಮುಗಿದ ಮೇಲೂ ಹತ್ತು ನಿಮಿಷ ಫ್ಯಾನ್ ಓಡಲಿ.

ಪೆಟ್ಟಿಗೆಯಿಂದಲೂ ಆಗದ ಕೆಲಸ: ಕ್ಯಾಡ್ಮಿಯಂ

ಚಿನ್ನ ಕೊಳ್ಳುವಾಗ ಕೆಡಿಎಂ ಎಂಬ ಮಾತು ಕೇಳಿದ್ದೀರಿ. ಅದು ಕ್ಯಾಡ್ಮಿಯಂ ಎಂಬ ಲೋಹದ ಹೆಸರಿನಿಂದ ಬಂದದ್ದು. ಹಿಂದೆ ಚಿನ್ನಕ್ಕೆ ತಾಮ್ರ ಬೆರೆಸಿದ ಟಾಕ ಬಳಸುತ್ತಿದ್ದರು, ಒಡವೆಯ ಶುದ್ಧತೆ ಕಡಿಮೆಯಾಗುತ್ತಿತ್ತು. 92 ಪಾಲು ಚಿನ್ನಕ್ಕೆ 8 ಪಾಲು ಕ್ಯಾಡ್ಮಿಯಂ ಬೆರೆಸಿದರೆ ಶುದ್ಧತೆ ಉಳಿಯುತ್ತದೆ, ಬೆಸುಗೆಯೂ ಸುಲಭ. ಒಡವೆ ತೊಡುವವರಿಗೆ ಲಾಭವಾಯಿತು. ಅದರ ಬೆಲೆಯನ್ನು ತೆತ್ತದ್ದು ಬೆಸುಗೆ ಹಾಕುವವನ ಶ್ವಾಸಕೋಶ.

ಕ್ಯಾಡ್ಮಿಯಂ 321 ಡಿಗ್ರಿಗೆ ಕರಗಿ 767 ಡಿಗ್ರಿಗೆ ಕುದಿಯುತ್ತದೆ. ಅಂದರೆ ಸತುವಿಗಿಂತ ಬೇಗ ಹೊಗೆಯಾಗುತ್ತದೆ. ಹೊಗೆ ಕುಡಿಯುವಾಗ ವಿಶೇಷವೇನೂ ಅನ್ನಿಸುವುದಿಲ್ಲ. ಕೆಲವು ಗಂಟೆಗಳ ಬಳಿಕ ಅದೇ ಚಳಿ ಜ್ವರ, ಅದೇ ಕೆಮ್ಮು. ಆದರೆ ಇದು ಮರುದಿನ ಇಳಿಯುವ ಬದಲು ಶ್ವಾಸಕೋಶದಲ್ಲಿ ನೀರು ತುಂಬುವ ಹಂತಕ್ಕೆ ಹೋಗಬಹುದು. ಪ್ರಾಣ ಹೋದ ಉದಾಹರಣೆಗಳಿವೆ. ಸ್ವಲ್ಪಸ್ವಲ್ಪವಾಗಿ ವರ್ಷಗಟ್ಟಲೆ ಒಳಹೋದದ್ದು ಮೂತ್ರಪಿಂಡದಲ್ಲಿ ಕೂತು ಹತ್ತಾರು ವರ್ಷ ಅಲ್ಲೇ ಉಳಿಯುತ್ತದೆ. ಕ್ಯಾನ್ಸರ್ ತರುವುದು ಖಚಿತವಾಗಿರುವ ವಸ್ತುಗಳ ಗುಂಪಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಸೇರಿಸಿದೆ. ಜಪಾನಿನ ಜಿಂಝು ನದಿಯ ಕಣಿವೆಯಲ್ಲಿ ಗಣಿಯ ಕ್ಯಾಡ್ಮಿಯಂ ಗದ್ದೆಯ ನೀರಿಗೆ ಸೇರಿ, ಆ ಅಕ್ಕಿ ಉಂಡ ಹೆಂಗಸರ ಎಲುಬುಗಳು ಮುರಿದುಹೋದವು. ಆ ಕಾಯಿಲೆಗೆ ಅಲ್ಲಿನವರು ಇಟ್ಟ ಹೆಸರು ಇತಾಯ್ ಇತಾಯ್. ನಮ್ಮ ಮಾತಿನಲ್ಲಿ ಅಯ್ಯೋ ನೋವು, ಅಯ್ಯೋ ನೋವು ಎಂದರ್ಥ.

ಕ್ಯಾಡ್ಮಿಯಂ ಬದಲು ಸತು ಮುಂತಾದ ಲೋಹ ಬೆರೆಸಿದ ಟಾಕಗಳು ಈಗ ಸಿಗುತ್ತವೆ. ಬೆಳ್ಳಿಯ ಬೆಸುಗೆಯ ತಂತಿಯಲ್ಲೂ ಕ್ಯಾಡ್ಮಿಯಂ ಇರುವ ಮತ್ತು ಇಲ್ಲದ ಬಗೆಗಳಿವೆ. ಕೊಳ್ಳುವಾಗ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬೇಗ ಕರಗುತ್ತದೆ, ಕೆಲಸ ಸುಲಭ ಎಂದು ಹೇಳಿ ಹೆಸರಿಲ್ಲದ ಪುಡಿಯನ್ನೋ ತಂತಿಯನ್ನೋ ಕೊಟ್ಟರೆ ಬೇಡವೆನ್ನಿ. ಮನೆಯಲ್ಲಿ ಕ್ಯಾಡ್ಮಿಯಂ ಬೆಸುಗೆಗೆ ಯಾವ ಪೆಟ್ಟಿಗೆಯೂ ಸಾಲದು.

ತೇಜಾಬಿನ ಬಗ್ಗೆಯೂ ಒಂದು ಮಾತು. ನೈಟ್ರಿಕ್ ಆಮ್ಲದಿಂದ ಏಳುವ ಕೆಂಗಂದು ಹೊಗೆ ಕೂಡ ಕ್ಯಾಡ್ಮಿಯಂನಂತೆ ತಡವಾಗಿ ಶ್ವಾಸಕೋಶವನ್ನು ಕೆಡಿಸುತ್ತದೆ. ಬೆಸುಗೆಯ ನಂತರ ಅಂಟಿದ ಬಿಳಿಗಾರವನ್ನು ತೆಗೆಯಲು ತೇಜಾಬೇ ಬೇಕೆಂದಿಲ್ಲ. ನಿಂಬೆ ಉಪ್ಪು ಅಥವಾ ಪಟಿಕ ಕರಗಿಸಿದ ಬಿಸಿ ನೀರು ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡು ಅದೇ ಕೆಲಸ ಮಾಡುತ್ತದೆ. ಇಟ್ಟಿಗೆಯ ಕೆಳಗೆ ಹಳೆಯ ಆಸ್‌ಬೆಸ್ಟಾಸ್ ಹಾಳೆಯಿದ್ದರೆ ಅದನ್ನು ಮುರಿಯದೆ, ಉಜ್ಜದೆ, ಒದ್ದೆ ಮಾಡಿ ಚೀಲದಲ್ಲಿ ಕಟ್ಟಿ ತೆಗೆದುಬಿಡಿ. ಬೆಂಕಿ ಇಟ್ಟಿಗೆ ಬಳಸಿ.

ಮಾಸ್ಕ್, ಹಾಲು, ಬೆಲ್ಲ

ಕರವಸ್ತ್ರ ಕಟ್ಟಿಕೊಂಡರೆ ಹೊಗೆ ನಿಲ್ಲುವುದಿಲ್ಲ. ಎನ್-95 ಮಾಸ್ಕ್ ಪುಡಿಯನ್ನು ತಡೆಯುತ್ತದೆ, ಅನಿಲವನ್ನು ತಡೆಯುವುದಿಲ್ಲ. ಪುಡಿಯನ್ನು ತಡೆಯಬೇಕಾದರೂ ಅದು ಚರ್ಮಕ್ಕೆ ಅಂಟಿ ಕೂರಬೇಕು. ಗಡ್ಡವಿರುವ ಮುಖದಲ್ಲಿ ಅದು ಕೂರುವುದಿಲ್ಲ, ಬದಿಯಿಂದ ಹೊಗೆ ನುಸುಳುತ್ತದೆ. ನಮ್ಮಲ್ಲಿ ಹೆಚ್ಚಿನವರು ಗಡ್ಡ ಬಿಟ್ಟವರು. ಹಾಗಾಗಿ ನಮಗೆ ಮಾಸ್ಕಿಗಿಂತ ತಗಡಿನ ಪೆಟ್ಟಿಗೆಯ ಮೇಲೆ ಭರವಸೆ ಇಡುವುದು ಕ್ಷೇಮ.

ಹೊಗೆಯ ಕೆಲಸದವರು ರಾತ್ರಿ ಬೆಲ್ಲ ತಿಂದು ಹಾಲು ಕುಡಿದರೆ ಎದೆ ಶುದ್ಧವಾಗುತ್ತದೆ ಎಂಬ ನಂಬಿಕೆಯಿದೆ. ಹಾಲೂ ಬೆಲ್ಲವೂ ಒಳ್ಳೆಯ ಆಹಾರ. ಆದರೆ ಅವು ಹೋಗುವುದು ಹೊಟ್ಟೆಗೆ, ಹೊಗೆ ಹೋದದ್ದು ಶ್ವಾಸಕೋಶಕ್ಕೆ. ಒಬ್ಬ ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ, ನಮ್ಮ ಯಾವ ಶರಬತ್ತೂ, ಯಾವ ಮಅಜೂನೂ ದಿನವೂ ಒಳಗೆ ಹೋಗುವ ಲೋಹದ ಹೊಗೆಗೆ ಪರಿಹಾರವಲ್ಲ. ಗಾಳಿ ಸರಿಪಡಿಸುವುದೇ ಅದರ ಮೊದಲ ಚಿಕಿತ್ಸೆ.

ಕೋಣೆಯಲ್ಲಿ ಊಟ, ಚಹಾ ಬೇಡ. ಪೊರಕೆಯಿಂದ ಗುಡಿಸಿದರೆ ಕೂತ ಪುಡಿ ಮತ್ತೆ ಏಳುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿ. ಕೆಲಸದ ಬಟ್ಟೆ ಬೇರೆ ಇರಲಿ, ಅದರಲ್ಲೇ ಮಗುವನ್ನು ಎತ್ತಿಕೊಳ್ಳಬೇಡಿ. ಮಕ್ಕಳ ಉಸಿರಾಟದ ವೇಗ ನಮಗಿಂತ ಹೆಚ್ಚು, ಅವರ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಗರ್ಭಿಣಿಯರು ಮತ್ತು ಮಕ್ಕಳು ಆ ಕೋಣೆಗೆ ಬರದಿರಲಿ.

ಯಾವಾಗ ಆಸ್ಪತ್ರೆಗೆ?

ಬೆಸುಗೆಯ ಕೆಲಸ ಮಾಡಿದ ದಿನ ರಾತ್ರಿ ಜ್ವರದ ಜೊತೆ ಎದೆ ಬಿಗಿತ, ಉಸಿರು ಸಿಗದಿರುವುದು, ನೊರೆಯಂತಹ ಕಫ, ತುಟಿ ನೀಲಿಯಾಗುವುದು, ಇವುಗಳಲ್ಲಿ ಒಂದಾದರೂ ಇದ್ದರೆ ಬೆಳಗಾಗಲೆಂದು ಕಾಯಬೇಡಿ. ಮಲಗಿಸದೆ ಒರಗಿಸಿ ಕೂರಿಸಿ, 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ಮೊದಲ ಮಾತಾಗಿ ಹೇಳಿ: ಲೋಹದ ಹೊಗೆ ಕುಡಿದಿದ್ದಾರೆ, ಬಳಸಿದ ಟಾಕ ಇದು. ಸಾಧ್ಯವಾದರೆ ಅದರ ತುಂಡನ್ನೂ ಒಯ್ಯಿರಿ. ಸತುವೋ ಕ್ಯಾಡ್ಮಿಯಮ್ಮೋ ಎಂದು ಮೊದಲ ರಾತ್ರಿಯ ಜ್ವರ ನೋಡಿ ಹೇಳಲು ಮನೆಯವರಿಂದಾಗದು.

ವರ್ಷಗಳಿಂದ ಈ ಕೆಲಸ ಮಾಡುವವರು ವರ್ಷಕ್ಕೊಮ್ಮೆ ಉಸಿರಾಟದ ಸಾಮರ್ಥ್ಯದ ಪರೀಕ್ಷೆ, ಮೂತ್ರದಲ್ಲಿ ಪ್ರೋಟೀನ್ ಮತ್ತು ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಪರದೆಯ ಆಚೆ

ಆ ಮನೆಯಲ್ಲಿ ಮೊದಲ ದಿನ ಮಾಡಿದ್ದು ತೊಟ್ಟಿಲನ್ನು ಹಿಂದಿನ ಕೋಣೆಗೆ ಸಾಗಿಸಿದ್ದು. ಅದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಮುಂದಿನ ವಾರ ಪರಿಚಯದ ತಗಡಿನ ಕೆಲಸದವರಿಂದ ಪೆಟ್ಟಿಗೆ ಮಾಡಿಸಿದರು. ಕಿಟಕಿಯ ಮೇಲಿನ ಗಾಜು ಬಿಚ್ಚಿ ಫ್ಯಾನ್ ಕೂರಿಸಿದರು, ಎದುರು ಗೋಡೆಗೆ ಜಾಲಿ ಬಂತು. ಎಲ್ಲ ಸೇರಿ ಒಂದು ಜೊತೆ ದೊಡ್ಡ ಗೆಜ್ಜೆಯ ಬೆಳ್ಳಿಯ ಬೆಲೆಯಷ್ಟೂ ಆಗಲಿಲ್ಲ. ಮೊದಲ ಸಲ ಊದುಬತ್ತಿ ಹಿಡಿದಾಗ ಹೊಗೆ ಎಡಮೂಲೆಯಿಂದ ತಪ್ಪಿಸಿಕೊಂಡಿತು. ಅಲ್ಲಿಗೆ ಮೂರಿಂಚಿನ ತಗಡಿನ ಪಟ್ಟಿ ಸೇರಿಸಿದ ಮೇಲೆ ಸರಿಯಾಯಿತು.

ರಮಝಾನ್‌ನ ಮೊದಲ ಶನಿವಾರ ರಾತ್ರಿ ತರಾವೀಹ್ ಮುಗಿಸಿ ಬರುವಾಗ ಅವರು ಮಸೀದಿಯ ಮೆಟ್ಟಿಲಲ್ಲಿ ಸಿಕ್ಕರು. ಮೈ ಹೇಗಿದೆ ಎಂದು ಕೇಳಿದೆ. ಜ್ವರ ಬರಲಿಲ್ಲ ಎಂದರು. ಸ್ವಲ್ಪ ತಡೆದು, ಮಗುವಿನ ರಾತ್ರಿಯ ಕೆಮ್ಮೂ ನಿಂತಿದೆ ಎಂದು ಸೇರಿಸಿದರು. ಮಗುವಿಗೆ ಕೆಮ್ಮು ಇತ್ತೆಂದು ಅವರು ನನಗೆ ಅದುವರೆಗೆ ಹೇಳಿರಲೇ ಇಲ್ಲ. ನಾನೂ ಕೇಳಿರಲಿಲ್ಲ.

ಈಗ ನನ್ನ ದವಾಖಾನೆಯ ದಫ್ತರದಲ್ಲಿ ಹೆಸರು, ವಯಸ್ಸಿನ ಪಕ್ಕದಲ್ಲಿ ಇನ್ನೆರಡು ಅಂಕಣಗಳಿವೆ: ಕಸುಬು ಏನು, ಎಲ್ಲಿ ಕುಳಿತು ಮಾಡುತ್ತೀರಿ. ನಿಮ್ಮ ವೈದ್ಯರು ಕೇಳದಿದ್ದರೆ ನೀವೇ ಹೇಳಿ. ಮನೆಯಲ್ಲಿ ಬೆಸುಗೆಯ ಕೆಲಸವಿದ್ದರೆ ಇಂದು ರಾತ್ರಿಯೇ ಬೆಂಚಿನ ಬಳಿ ಒಂದು ಊದುಬತ್ತಿ ಹಚ್ಚಿ, ಅದರ ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ಐದು ನಿಮಿಷ ನೋಡಿ. ಅದು ಹೋದ ಕಡೆಗೇ ನಾಳೆ ಲೋಹದ ಹೊಗೆಯೂ ಹೋಗುತ್ತದೆ.